ಸವರದೆ ಬಿಟ್ಟ ಬಳ್ಳಿ

ಮಾರ್ಚ್ ೧೮, ಬುಧವಾರ

ಬಿಟ್ಟದ್ದೇ ತಪ್ಪಾಯಿತು. ಬೆಳಗಿನಿಂದ ಇದೊಂದೇ ಯೋಚನೆ.

ಮೊನ್ನೆ ಕೆರೆಯ ಪಕ್ಕದ ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರುವಾಗ ಪಿಕಳಾರದ ಗೂಡು ಕಂಡಿತು. ಒಳಗೆ ಕಣ್ಣು ಬಿಡದ ಮರಿಗಳು. ನಾದಿನಿ ಗೋಮತಿ ಪಾಪವೆನಿಸಿ ನನ್ನ ಕತ್ತರಿ ತಡೆದಳು.

"ಮದಿನಿ, ಪಾವಂ, ಅದೊಂದ ಬುಡು. ಕುಂಜು ಅವೆ."

ಮರಿಯಿರುವ ಗೂಡನ್ನು ನಮ್ಮ ಕಾಮಯಗೌಂಡನ್‌ಪಟ್ಟಿಯಲ್ಲಿ ಎಲ್ಲರೂ ಹಾಗೇ ಬಿಡುತ್ತಾರೆ. ನಾನೂ ಬಿಟ್ಟೆ. ಇಡೀ ಚಪ್ಪರ ಬೋಳಾಗಿ, ಗೂಡಿದ್ದಲ್ಲಿ ಮಾತ್ರ ಒಂದು ಹಿಡಿ ಹಸಿರು ಉಳಿಯಿತು. ಕಾಗೆಗೆ ಅದು ಎಷ್ಟು ದೂರದಿಂದ ಕಂಡಿತೋ.

ಇವತ್ತು ಬೆಳಿಗ್ಗೆ ಕೆರೆ ಏರಿಯ ಮೇಲೆ ಬರುವಾಗ ನೀರಿನಲ್ಲಿ ಗುಳುಮುಳುಕ ಹಕ್ಕಿಯೊಂದು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತೇಲುತ್ತಿತ್ತು. ನಗುತ್ತಲೇ ತೋಟಕ್ಕೆ ಇಳಿದೆ. ಗೂಡು ಖಾಲಿ. ಕೆಳಗೆ ಮಣ್ಣಿನಲ್ಲಿ ಒಂದು ಪುಟ್ಟ ಕಾಲು.

"ಒಳ್ಳೇದಕ್ಕೇ ಮಾಡ್ದೊ ಮದಿನಿ," ಎಂದಳು ಗೋಮತಿ. ಹೌದು, ಒಳ್ಳೆಯದಕ್ಕೇ. ಸವರಿದ್ದರೆ ಬಿಸಿಲಿಗೆ ಸಾಯುತ್ತಿದ್ದವು, ಬಿಟ್ಟದ್ದಕ್ಕೆ ಕಾಗೆಗೆ ಸಿಕ್ಕವು. ಈ ಕೈಗೆ ಒಳ್ಳೆಯದು ಮಾಡಲೂ ಬರುವುದಿಲ್ಲ.

ಸಂಜೆ ತಾಯಿಹಕ್ಕಿ ಹುಳ ಕಚ್ಚಿಕೊಂಡು ಬಂತು. ಆ ಹಸಿರಿನೊಳಗೆ ಹೋಯಿತು, ಹೊರಗೆ ಬಂತು, ಮತ್ತೆ ಹೋಯಿತು. ನಾವು ಮನೆಗೆ ಹೊರಟಾಗ ಚಪ್ಪರದ ತಂತಿಯ ಮೇಲೆ ಸುಮ್ಮನೆ ಕೂತಿತ್ತು. ಹುಳ ಇನ್ನೂ ಕೊಕ್ಕಿನಲ್ಲೇ ಇತ್ತು.