ಹಿಂದಕ್ಕೆ ತಳ್ಳಿದ ಚೆಂಡು

ಗುನ್ಸಾನ್,
ನವೆಂಬರ್ 28

ಪ್ರೀತಿಯ ತಮ್ಮ ತೇಗ್ಯುಗೆ,

ನಿನ್ನ ಅಕ್ಕ ಇನ್‌ಸುಕ್ ಮಾಡುವ ಆಶೀರ್ವಾದಗಳು. ಆ ಫುಟ್‌ಬಾಲ್ ಪಂದ್ಯ ಮುಗಿದ ಮಾರನೆಯ ದಿನವೇ ಬರೆಯಬೇಕಿತ್ತು. ಬರೆಯಲು ಕೂತರೆ ಬರೀ ಬೈಗುಳವೇ ಬರುತ್ತಿತ್ತು, ಅದಕ್ಕೇ ತಡವಾಯಿತು, ಕ್ಷಮಿಸು. ಫೋನಿನಲ್ಲಿ ಕೇಳೋಣವೆಂದರೆ "ಅಕ್ಕಾ, ಪಕ್ಕದಲ್ಲಿ ಜನ ಇದಾರೆ" ಎಂದು ಇಟ್ಟುಬಿಡುತ್ತೀಯ. ಬ್ಯಾರಕ್ಕಿನಲ್ಲಿ ಜನ ಇಲ್ಲದ ಹೊತ್ತು ಯಾವುದಪ್ಪಾ?

ಊರಿನ ಸುದ್ದಿ ಮೊದಲು ಹೇಳುತ್ತೇನೆ. ಚಳಿಗಾಲಕ್ಕೆ ಕೋಸಿನ ಉಪ್ಪಿನಕಾಯಿ, ಕಿಮ್ಚಿ, ಹಾಕುವುದಕ್ಕೆ ಈ ವರ್ಷ ನಾನು ಯಾರನ್ನೂ ಕರೆದಿರಲಿಲ್ಲ. ಆದರೂ ಬೆಳಗ್ಗೆ ನಮ್ಮ ಹೋಟೆಲಿನ ಬಾಗಿಲು ತೆಗೆದರೆ ಅರ್ಧ ಮೀನುಪೇಟೆ ಅಲ್ಲಿ ನಿಂತಿದೆ, ಉಪ್ಪಿನಲ್ಲಿ ನೆನೆಸಿದ ಕೋಸಿನ ಸಮೇತ! ನನ್ನ ಜೊತೆ ಮಾತು ಬಿಟ್ಟಿದ್ದ ಒಣಮೀನಿನ ಬೊಕ್‌ಜಾ ಕೂಡ ರಬ್ಬರ್ ಕೈಗವಸು ಹಾಕಿಕೊಂಡು ಬಂದಿದ್ದಳು. ನನಗೆ ಆಗಲೇ ಅನುಮಾನ. ಇವರೆಲ್ಲ ಸುಮ್ಮಸುಮ್ಮನೆ ಒಳ್ಳೆಯವರಾಗುವ ಪೈಕಿ ಅಲ್ಲ.

"ಏನೇ ಇದೆಲ್ಲ?" ಎಂದೆ.

"ಏನಿಲ್ಲ ಕಣೇ. ನಿನ್ ತಮ್ಮ ಊರಿನ್ ಮಾನ ಉಳಿಸ್ದ. ನಾವು ನಾಲ್ಕು ಕೋಸಿಗೆ ಖಾರ ಹಚ್ಚಬಾರ್ದಾ?"

"ಅವ್ನು ಆಡಿದ್ದು ಸೈನ್ಯದ ಕಡೆಯಿಂದ. ನಮ್ಮೂರ ತಂಡದ ಎದುರು. ಸೋತಿದ್ದು ಅವ್ನೇ ಬೊಕ್‌ಜಾ!"

"ಹೂಂ ಹೂಂ, ಸೋತ ಪಾಪ," ಎಂದು ಅವಳು ಕಣ್ಣು ಹೊಡೆದಳು. ಕೂತಿದ್ದವರೆಲ್ಲ ಕೋಸು ಕೆಳಗಿಟ್ಟು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಡೋಲಿನ ಪ್ಯೊನ್ ಬಂದ. ಅದೇ, ನಮ್ಮ ತಂಡದ ಪಂದ್ಯವೆಂದರೆ ಗ್ಯಾಲರಿಯಲ್ಲಿ ಡೋಲು ಬಾರಿಸಿ ಕಿವಿ ಕಿತ್ತುಹಾಕುತ್ತಾನಲ್ಲ, ಅವನು. ಪಿಯರ್ ಹಣ್ಣಿನ ಪೆಟ್ಟಿಗೆ ಮೇಜಿನ ಮೇಲಿಟ್ಟು ಪಿಸುಗುಟ್ಟಿದ: "ಅಕ್ಕಾ, ನಾವ್ಯಾರೂ ಬಾಯ್ ಬಿಡಲ್ಲ."

"ಏನಂತ ಬಾಯ್ ಬಿಡಲ್ಲ?"

"ಅಯ್ಯೋ, ಅದನ್ನೇ ಬಾಯ್ ಬಿಡಲ್ಲ ಅಂದಿದ್ದು!"

ಪೆಟ್ಟಿಗೆ ಇನ್ನೂ ಬಾಗಿಲ ಹತ್ತಿರವೇ ಇದೆ. ಒಂದು ಹಣ್ಣನ್ನೂ ಮುಟ್ಟಿಲ್ಲ.

ಇಷ್ಟು ಸಾಲದೆಂದು ನಿನ್ನೆ ತಂಡದ ಮ್ಯಾನೇಜರ್ ಬಂದು ಏಡಿ ಸಾರು ಕುಡಿದು, ನನ್ನ ಎರಡೂ ಕೈ ಹಿಡಿದುಕೊಂಡು, "ತೇಗ್ಯು ವಾಪಸ್ ಬರ್ಲಿ ಅಕ್ಕೋರೆ, ಮುಂದಿನ್ ವರ್ಷ ಅವ್ನೇ ನಮ್ ಕ್ಯಾಪ್ಟನ್" ಎಂದರು. ಸೈನ್ಯಕ್ಕೆ ಹೋಗುವ ಮೊದಲು ನಿನ್ನನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದ ಮನುಷ್ಯ ಇವರೇ ತಾನೇ?

ಈಗ ನೀನೇ ಹೇಳು, ನಾನು ಏನೆಂದು ತಿಳಿಯಲಿ? ಕಡ್ಡಾಯ ಸೈನ್ಯಸೇವೆ ಮುಗಿಯುವವರೆಗೆ ನೀನು ಸೈನ್ಯದ ತಂಡದವನು, ಮುಗಿದ ಮೇಲೆ ಮತ್ತೆ ನಮ್ಮೂರ ತಂಡದವನು. ಮುಂದಿನ ತಿಂಗಳು ಸಮವಸ್ತ್ರ ಬಿಚ್ಚುತ್ತೀಯ. ಅಂದು ಗೆಲ್ಲದಿದ್ದರೆ ನಮ್ಮೂರ ತಂಡ ಎರಡನೇ ದರ್ಜೆಗೆ ಜಾರುತ್ತಿತ್ತು. ಅಂಥ ಪಂದ್ಯದಲ್ಲಿ, ಎದುರಿಗೆ ಯಾರೂ ಅಡ್ಡ ಬರದಿದ್ದಾಗ, ನೀನು ಗೋಲ್‌ಕೀಪರ್ ಕಡೆಗೆ ಚೆಂಡನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದೆ. ನಡುವೆ ನಮ್ಮೂರ ಹುಡುಗ ನುಗ್ಗಿ ಗೋಲು ಹೊಡೆದ. ಗ್ಯಾಲರಿಯಲ್ಲಿ ಎಲ್ಲರೂ ಎದ್ದು ಕುಣಿದರು. ನಾನು ಒಬ್ಬಳೇ ಕೂತಿದ್ದೆ. ನಿನ್ನ ಜೊತೆಯವರಲ್ಲಿ ಒಬ್ಬನೂ ನಿನ್ನ ಹೆಗಲು ಮುಟ್ಟಲಿಲ್ಲ, ಅದನ್ನೂ ನೋಡಿದೆ.

ಶಾಲೆಯಲ್ಲಿ ನಿನ್ನ ಓರಗೆಯವರೆಲ್ಲ ಗೋಲು ಹೊಡೆಯುವ ಜಾಗಕ್ಕೆ ಜಗಳವಾಡುತ್ತಿದ್ದರು. ನೀನು ಮಾತ್ರ "ನಾನ್ ಹಿಂದೆ ನಿಂತ್ಕೋತೀನಿ, ಯಾರನ್ನೂ ಬಿಡಲ್ಲ" ಎಂದೆ. ಡಿಫೆಂಡರ್‌ನ ಫೋಟೊ ಯಾವ ಪೇಪರಿನಲ್ಲೂ ಬರುವುದಿಲ್ಲ ಎಂದು ಆಡಿಕೊಂಡರೂ ಕೇಳಲಿಲ್ಲ. ಮೂಗು ಮುರಿಯಿತು, ಹುಬ್ಬು ಸೀಳಿತು, ಎದುರು ಬಂದ ಚೆಂಡಿಗೆಲ್ಲ ತಲೆ ಕೊಟ್ಟೆ. ಇಷ್ಟು ವರ್ಷ ಹಾಗೆ ಆಡಿದವನು ಬೇಕೆಂದೇ ಗೋಲು ಬಿಟ್ಟುಕೊಟ್ಟನೆಂದು ಊರೆಲ್ಲ ಖುಷಿಯಾಗಿ ನಂಬಿದೆ, ತೇಗ್ಯು. ಅದೇ ನನಗೆ ತಡೆಯಲಾಗುವುದಿಲ್ಲ. ಕಾಸಿನ ಆಸೆಯೋ, ಕ್ಯಾಪ್ಟನ್ ತೋಳುಪಟ್ಟಿಯ ಆಸೆಯೋ, ಊರಿನ ಮೇಲಿನ ಮಮತೆಯೋ, ಏನೇ ಇರಲಿ, ಮೋಸ ಮೋಸವೇ. ಹಾಗೆ ಮಾಡಿಲ್ಲವೆಂದು ಒಂದು ಸಾಲು ಬರೆ. ಆ ಕಾಗದ ಹಿಡಿದು ಬೊಕ್‌ಜಾಳ ಮುಖಕ್ಕೇ ಓದಿ ಹೇಳುತ್ತೇನೆ.

ಚಳಿ ಜಾಸ್ತಿಯಾಗಿದೆ, ಒಳಗೆ ಉಣ್ಣೆಯದು ಹಾಕಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ತಲೆಯೆತ್ತಿ ನಡೆಯುವ ಹಾಗೆ ಆಗಲಿ ನಿನಗೆ.

ನಿನ್ನ ಅಕ್ಕ,
ಇನ್‌ಸುಕ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಆ ಪಂದ್ಯದ ವಿಡಿಯೊ ಇನ್ನೊಮ್ಮೆ ಹಾಕಿದೆ. ಬೊಕ್‌ಜಾ ಪಕ್ಕದಲ್ಲಿದ್ದಳು. ನೋಡುತ್ತ ನೋಡುತ್ತ ಅವಳ ನಗು ನಿಂತಿತು. "ಇನ್‌ಸುಕ್, ಇವ್ನು ಆ ಹುಡುಗನ್ನ ನೋಡೇ ಇಲ್ಲ ಕಣೇ" ಎಂದಳು. ಹೌದು. ಅವನು ನಿನ್ನ ಎಡಕ್ಕೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಓಡಿಬಂದ. ಬೇಕೆಂದು ಮಾಡುವವನು ಕದ್ದಾದರೂ ಒಮ್ಮೆ ನೋಡುತ್ತಾನೆ. ಹಬ್ಬದ ರಜೆಗೆ ಬಂದಾಗ ನೀನು ಎಡಗಡೆ ಇಟ್ಟ ಸಾರಿನ ಬಟ್ಟಲನ್ನು ಉರುಳಿಸಿದ್ದೆ. ಆ ಕಡೆಯಿಂದ ಕರೆದರೆ ಇಡೀ ಕತ್ತು ತಿರುಗಿಸುತ್ತಿದ್ದೆ. ತೇಗ್ಯು, ನಿನ್ನ ಎಡಗಣ್ಣಿಗೆ ಏನಾಗಿದೆ? ಮೋಸ ಮಾಡಿದನೆಂದರೆ ಊರು ನಿನ್ನನ್ನು ಕ್ಯಾಪ್ಟನ್ ಮಾಡುತ್ತದೆ, ಕಣ್ಣು ಹೋಯಿತೆಂದರೆ ಮನೆಗೆ ಕಳಿಸುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೀಯಾ? ಮೇಲೆ ಕೇಳಿದ್ದನ್ನು ಬರೆಯಬೇಡ. ಬೇಕೆಂದೇ ತಳ್ಳಿದೆ ಅಂತ ಬರೆ. ಬಾಯಿಗೆ ಬಂದಂತೆ ಬೈದು ಸುಮ್ಮನಾಗುತ್ತೇನೆ. ದಯವಿಟ್ಟು ಹಾಗೇ ಬರೆ, ಮರೀ.