ಬಾಯಿ ಇಲ್ಲದ ಮಶೀನು

ಸೊಲ್ಲಾಪುರ,
ಗುರುವಾರ, ೧೩ ನವೆಂಬರ್ ೨೦೨೫

ಚಿ. ಸೌ. ಕೇತಕಿಗೆ, ನಿನ್ನ ಅತ್ತಿ ವೇಣೂಬಾಯಿ ಮಾಡುವ ಆಶೀರ್ವಾದ.

'ಸೌ.' ಅಂತ ಬರೀಲೋ ಬ್ಯಾಡೋ ಅಂತ ಪೆನ್ನು ಹಿಡಕೊಂಡು ಬಾಳ ಹೊತ್ತು ಕೂತಿದ್ದೆ. ಕೋರ್ಟಿನವರೇ ಇನ್ನೂ ಅಳಿಸಿಲ್ಲ, ನಾ ಯಾಕ ಅಳಸಲಿ ಅಂತ ಬರದೇ ಬಿಟ್ಟೆ. ಮದಲ ನಿಮ್ಮ ಆಯಿಯ ಮೊಣಕಾಲು ಹೆಂಗದ ಬರಿ. ಎಳ್ಳೆಣ್ಣಿ ತಿಕ್ಕೂದು ಬಿಡಬ್ಯಾಡ್ರಿ ಅಂದೀನಂತ ಹೇಳು. ನಿಮ್ಮಣ್ಣ ತೇಜಸನ ಪಿತ್ತ ಇಳೀತೋ ಇಲ್ಲೋ? ಅವಾ ಚಹಾ ಬಿಟ್ಟಾನಂತ ಕೌಶಿಕ ಹೇಳಿದಾಗ ನಾ ನಂಬಲಿಲ್ಲ. ಅವನ ಮಗಳು ಪೂರ್ವಾನ ಮುಂದಿನ ಹಲ್ಲು ಬಂದಾವೇನು? ನೀನೂ ಪತಸಂಸ್ಥೆಯ ಆಫೀಸಿನ ಕುರ್ಚಿ ಮ್ಯಾಲೆ ದಿನಾ ಎಂಟು ತಾಸು ಕೂಡ್ತಿ, ಬೆನ್ನಿಗೆ ಒಂದು ಸಣ್ಣ ಲೋಡು ಇಟ್ಟುಕೋ. ಇಲ್ಲಿ ನನ್ನ ಎಡಗಣ್ಣಿಗೆ ಪೊರಿ ಬಂದದ, ಬ್ಯಾಸಗಿಗೆ ತಗಸೋಣಂತ. ಗುರುರಾಜನ ಬಿಪಿ ಗುಳಿಗಿ ಚಾಲೂ ಅದ. ನಿನ್ನ ಮಗ ಕೌಶಿಕ ಗಟ್ಟಿ ಇದ್ದಾನ. ದೀಪಾವಳಿಗೆ ತಂದ ಬೂಟು ಆಗಲೇ ಹೆಬ್ಬೆರಳಿಗೆ ಒತ್ತಲಿಕತ್ತಾವ. ಹನ್ನೆರಡಕ್ಕ ಈ ಕಾಲು, ಹದಿನೆಂಟಕ್ಕ ಬೂಟು ಯಾರು ಕೊಡಸಬೇಕೋ ಏನೋ.

ಮಂಗಳವಾರದಿಂದ ನೀ ಫೋನ್ ಎತ್ತವಲ್ಲಿ. ಮೂರು ಸಲ ಮಾಡಿದೆ. ಎತ್ತಿದ್ದರೂ ಬಾಯಿಲೆ ಹೇಳೂದು ನನ್ನಿಂದ ಆಗ್ತಿದ್ದಿಲ್ಲ, ಅದಕ್ಕ ಕಾಗದ. ಕಾಗದದಾಗ ಇನ್ನೊಂದು ಅನುಕೂಲ ಅದ, ಇದನ್ನ ಮೇಜಿನ ಮ್ಯಾಲೆ ಬಿಟ್ಟು ಹೋದರೂ ಈ ಮನ್ಯಾಗ ಓದಾವರಿಲ್ಲ. ಗುರುರಾಜ ಕಲತದ್ದು ಮರಾಠಿ ಸಾಲಿ, ಕೌಶಿಕ ಇಂಗ್ಲಿಷ್ ಸಾಲಿ. ತಂದಿ ಮಗ ಇಬ್ಬರಿಗೂ ಕನ್ನಡ ಬಾಯಾಗ ಅದ, ಕಣ್ಣಾಗ ಇಲ್ಲ. ನಾನೂ ಸಾಲಿಗೆ ಹೋಗಿ ಕಲತಾಕಿ ಅಲ್ಲ. ನನ್ನ ತವರೂರು ಮಂದ್ರೂಪದ ಸಾಲಿ ಮರಾಠೀದು, ಅದನ್ನೂ ನಾಕನೇತ್ತಾಗೇ ಬಿಡಿಸಿದ್ರು. ನಮ್ಮಪ್ಪನ ಪಂಚಾಂಗದ ಮ್ಯಾಲೆ ಬಟ್ಟು ಇಟ್ಟು ಇಟ್ಟು ನಾನೇ ಅಕ್ಷರ ಕೂಡಿಸಿಕೊಂಡೆ. ನೀ ಅಕ್ಕಲಕೋಟಿಯ ಮರಾಠಿ ಮನಿಯಿಂದ ಸೊಸಿಯಾಗಿ ಬಂದಾಗ ಅಂಥದ್ದೇ ಪಂಚಾಂಗ ಮುಂದ ಇಟ್ಟುಕೊಂಡು ನಿಂಗ ಕಲಸಿದೆ. 'ಳ' ಬರಿಯೂವಾಗ ನೀ ನಾಲಿಗಿ ಹೊರಗ ಹಾಕ್ತಿದ್ದಿ. ನನ್ನ ಹೊಟ್ಟ್ಯಾಗ ಹುಟ್ಟಿದವರು ಕಲೀದ್ದನ್ನ ನೀ ಕಲತಿ ಅಂತ ನಾ ಓಣಿ ತುಂಬಾ ಹೇಳಿಕೊಂಡು ತಿರಗಿದ್ದೆ.

ನೀ ಹೋಗಿ ಎರಡು ವರ್ಷ ಆತು. ನನ್ನ ಮಗ ಗುರುರಾಜ ಹೊಡಿಯೂ ಗಂಡ ಅಲ್ಲ, ಮಾತು ಬಿಡೂ ಗಂಡ. ಒಂದು ಸಲ ಶ್ರಾವಣದಾಗ ಬಿಟ್ಟ ಮಾತು ಸಂಕ್ರಾಂತಿಗೆ ಹಿಡಿದ. ಅಷ್ಟೂ ದಿನ ನೀ ನನ್ನ ಜೋಡಿ, ಹಾಲಿನವನ ಜೋಡಿ, ತುಳಸಿ ಗಿಡದ ಜೋಡಿ ಮಾತಾಡಿದಿ. ನೀ ಎದ್ದು ಹೋದ ದಿನ ನಾ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಹುಡುಗನ ಕೈ ಮಾತ್ರ ಹಿಡಕೊಂಡು ನಿಂತೆ. ಹುಡುಗ ಇಲ್ಲಿ ಇರಬೇಕು, ಎರಡು ವಾರಕ್ಕ ಒಂದು ರವಿವಾರ ನಿನ್ನ ಕಡೆ ಬರಬೇಕು, ಹನ್ನೆರಡು ತುಂಬಿದ ಮ್ಯಾಲೆ ಯಾರ ಕಡೆ ಇರ್ತಿ ಅಂತ ನ್ಯಾಯಾಧೀಶರು ಅವನ್ನೇ ಕೇಳಬೇಕು ಅಂತ ಕೋರ್ಟಿನ್ಯಾಗ ಆತು. ಅವಂಗ ಹನ್ನೆರಡು ತುಂಬೂದನ್ನ ನಾವು ಮೂರೂ ಮಂದಿ ಎಷ್ಟು ಅಂಜಿ ಕಾದಿವಿ ಅಂಬೂದು ಅವಂಗ ಗೊತ್ತಿಲ್ಲ.

ಮದಲಿನ ವರ್ಷ ಆ ರವಿವಾರಗಳು ಛಂದ ನಡದಿದ್ದವು, ಹೌದಿಲ್ಲೋ. ಆವಾಗ ಟೀವಿಗೆ ಮಶೀನು ಹಚ್ಚಿ ಆಡೂ ಕೌಶಿಕನ ವಿಡಿಯೋ ಆಟ ಎಲ್ಲಾ ಡಬ್ಬಿ ಆಟ. ನೀಲಿ ಡಬ್ಬಿ, ಒಳಗ ಸೀಡಿ. ನೀ ಅಕ್ಕಲಕೋಟ್ಯಾಗ ಯಾರೋ ಕಾಲೇಜ ಹುಡುಗನ ಹಳೇ ಮಶೀನು ಕೊಂಡಿದ್ದಿ, ಅವಾ ಚೀಲದಾಗ ಡಬ್ಬಿ ಹಾಕ್ಕೊಂಡು ಬಸ್ಸು ಹತ್ತತಿದ್ದ. ಆ ಹಡಗಿನ ಆಟದಾಗ ಒಬ್ಬರು ಚುಕ್ಕಾಣಿ ಹಿಡಿಬೇಕಂತ, ಒಬ್ಬರು ಹಾಯಿ ಎಳೀಬೇಕಂತ. ರಾತ್ರಿ ತಿರಗಿ ಬಂದು ಹಾಸಿಗಿ ಮ್ಯಾಲೆ ಬಿದ್ದು ನಗತಿದ್ದ, 'ಆಜಿ, ಮಮ್ಮಿ ಇವತ್ತೂ ಹಡಗ ಬಂಡಿಗಲ್ಲಿಗೆ ಹಾಯಿಸಿದಳು, ಏಳು ಸಲ!' ನಾನೂ ನಗತಿದ್ದೆ. ಗುರುರಾಜ ನಗತಿದ್ದಿಲ್ಲ. ಚೀಲದಾಗ ಹೋಗಿ ಬರೂ ಆ ಡಬ್ಬಿ ನೋಡಿ ನೋಡಿ, ಗಣಪತಿ ಹಬ್ಬ ಆದ ಮರುದಿನ ಇಲ್ಲಿನ ಮಶೀನು, ಡಬ್ಬಿ ಎಲ್ಲಾ ಕಟ್ಟಿಕೊಂಡು ಬದಲಿ ಮಾಡಲಿಕ್ಕೆ ಧನರಾಜನ ಆಟದ ಅಂಗಡಿಗೆ ಹೋದ. ಕೌಶಿಕನ ಜೋಡಿ ನಾನೂ ಹೋಗಿದ್ದೆ. ಆ ಧನರಾಜ ಒಳ್ಳೆಯಾಂವ, ನನ್ನಂಥ ಮುದುಕಿಗೂ ಬಿಡಿಸಿ ಹೇಳಿದ: 'ಡಬ್ಬಿ ತಗೊಂಡ್ರ ಆಟ ನಿಮ್ಮ ಕೈಯಾಗ ಇರ್ತದ ಆಜಿ. ಯಾರಿಗರ ಕೊಡಬಹುದು, ಬ್ಯಾರೆ ಮನ್ಯಾಗ ಹಾಕಿ ಆಡಬಹುದು, ಬ್ಯಾಸರಾದ್ರ ಮಾರಬಹುದು. ಡೌನ್‌ಲೋಡ್ ತಗೊಂಡ್ರ ಅಂಗಡಿಗೆ ಬರೂದು ಬ್ಯಾಡ, ಗೀರು ಬೀಳಂಗಿಲ್ಲ, ಕಳಿಯಂಗಿಲ್ಲ. ಆದ್ರ ಖಾತೆ ಯಾರದೋ ಆಟ ಅವರದು.' ಗುರುರಾಜ 'ಡೌನ್‌ಲೋಡೇ ಬೇಕು. ಖಾತೆ ನನ್ನ ಹೆಸರಲೆ ಮಾಡ್ರಿ' ಅಂದ. ಬಿಳಿ ಮಶೀನು ಬಂತು. ಯಾವ ಕಡೆ ನೋಡಿದ್ರೂ ನುಣ್ಣಗ, ಸೀಡಿ ನುಂಗೂ ಬಾಯಿನೇ ಇಲ್ಲ.

ಆಮ್ಯಾಲಿನ ರವಿವಾರ ನಿನ್ನ ಕಡೆ ಏನು ಉಳೀತು? ಹಳೇ ಮಶೀನು, ಹಾಕಲಿಕ್ಕೆ ಆಟ ಇಲ್ಲ. ಅವಾ ಮೂಲ್ಯಾಗ ಮೊಬೈಲ್ ಹಿಡಕೊಂಡು ಕೂತು, ನಾಕರ ಬಸ್ಸಿಗೇ ಹೊರಡತೀನಂತ ಹಟ ಮಾಡ್ತಾನಂತ ನೀ ಫೋನಿನ್ಯಾಗ ಅತ್ತಿ. ದಸರಾ ಆದ ಮ್ಯಾಲೆ ಮತ್ತ ಫೋನ್ ಮಾಡಿದಿ, ಗುರುರಾಜ ಆಫೀಸಿಗೆ ಹೋದ ಹೊತ್ತು ನೋಡಿ. ಹಡಗಿನ ಆಟದ ಎರಡನೇ ಭಾಗ ಬಂದದ, ಹುಟ್ಟಿದಹಬ್ಬಕ್ಕ ಕಳಸಬೇಕು, ಡಬ್ಬಿ ಕಳಸಲೋ ಡೌನ್‌ಲೋಡಿನ ನಂಬರ ಕಳಸಲೋ ಅಂತ ಕೇಳಿದಿ. 'ಅತ್ತೀ, ಅವನ ಹೊಸಾ ಮಶೀನಿಗೆ ಸೀಡಿ ಹಾಕಲಿಕ್ಕೆ ಬರ್ತದೇನು ಒಂಚೂರು ನೋಡಿ ಹೇಳ್ರಿ. ಬಂದ್ರ ಒಂದೇ ಡಬ್ಬಿ ಎರಡೂ ಮನಿಗೆ ಆಗ್ತದ.' ನಾ ನೋಡಲಿಕ್ಕೆ ಏಳೂದೇ ಬೇಕಾಗಿದ್ದಿಲ್ಲ. ದಿನಾ ಅದರ ಧೂಳು ಒರಸಾಕಿ ನಾನೇ. ಆದ್ರೂ ಎದ್ದು ಹೋಗಿ ನೋಡಿ ಬಂದಂಗ ಮಾಡಿ, 'ಡಬ್ಬಿನೇ ಕಳಸವಾ' ಅಂದೆ.

ಯಾಕ ಹಂಗಂದೆ ಅಂತ ಈ ಒಂದು ತಿಂಗಳು ನನ್ನನ್ನ ನಾನೇ ಕೇಳೀನಿ. ಡೌನ್‌ಲೋಡ್ ಕಳಸಿದ್ದರ ಅವಾ ಅವತ್ತೇ ಕುಣೀತಿದ್ದ, ಮಮ್ಮಿ ಮಮ್ಮಿ ಅಂತಿದ್ದ, ಮುಂದ ಇಪ್ಪತ್ನಾಕನೇ ತಾರೀಕಿಗೆ ನ್ಯಾಯಾಧೀಶರ ಮುಂದನೂ ಅದೇ ಮಾತು ಬಾಯಿಗೆ ಬರತಿತ್ತು. ಅವನ ಮುಂದ ನೀ ಒಂದು ಸಲ ಸಣ್ಣಾಕಿ ಆಗಬೇಕು ಅನಿಸ್ತು ನಂಗ. ಅಷ್ಟೇ. ಬ್ಯಾರೆ ನೆವ ಹುಡುಕಿದೆ, ಸಿಗಲಿಲ್ಲ.

ಒಂದನೇ ತಾರೀಕು ಓಣಿಯ ಹುಡುಗರೆಲ್ಲ ಕೂಡಿದ್ರು. ನಿನ್ನ ಪಾರ್ಸೆಲ್ ಹಿಂದಿನ ದಿನಾನೇ ಬಂದಿತ್ತು, ಗುರುರಾಜ ಒಡದು ನೋಡಿ ಎತ್ತಿ ಇಟ್ಟಿದ್ದ. ಎಲ್ಲಾರ ಮುಂದ ಕೊಟ್ಟು, 'ಹಾಕಪಾ, ನಿಮ್ಮ ಮಮ್ಮಿ ಕಳಿಸ್ಯಾಳ, ಹಾಕಿ ತೋರಸು' ಅಂದ. ಹುಡುಗ ಹುರುಪಿನಿಂದ ಸೀಡಿ ತಗದಾವನೇ ಮಶೀನಿನ ಮುಂದ ಕೂತ. ಆ ಬಾಜೂ ತಿರುವಿದ, ಈ ಬಾಜೂ ತಿರುವಿದ, ಹಸುಗೂಸಿನ ಬಾಯಾಗ ಹಲ್ಲು ಹುಡುಕಿದಂಗ ಬಟ್ಟು ಆಡಿಸಿ ಆಡಿಸಿ ನೋಡಿದ. ಅದಕ್ಕ ಬಾಯಿಲ್ಲಂತ ಅವಂಗೂ ಗೊತ್ತಿತ್ತು ಕೇತಕಿ. ಆದ್ರ ಮಮ್ಮಿ ಕಳಸ್ಯಾಳಂದ್ರ ಎಲ್ಲ್ಯರ ಇರಬೇಕು ಅಂತ ಹುಡುಕಿದ. ಹುಡುಗರು ನಗಲಿಕ್ಕೆ ಶುರು ಮಾಡಿದ್ರು. ಗುರುರಾಜ 'ನಿಮ್ಮ ಮಮ್ಮಿಗೆ ಇನ್ನೂ ಕ್ಯಾಸೆಟ್ಟಿನ ಕಾಲಾನೇ ನಡದದ' ಅಂದು, 'ಆ ಬಟನ್ ಒತ್ತು' ಅಂದ. ಒತ್ತಿದ್ರ ಅದೇ ಆಟ, ಅದೇ ಹಡಗ, ಮದಲೇ ಇಳಿಸಿ ಇಟ್ಟಿದ್ದ. ಕೌಶಿಕ ಕೂಗಿ ಹೋಗಿ ತಂದಿಯನ್ನ ಅಪ್ಪಿಕೊಂಡ. ಅಪ್ಪಿಕೊಂಡೇ 'ಮಮ್ಮಿಗೆ ಏನೂ ತಿಳಿಯಂಗಿಲ್ಲ ಪಪ್ಪಾ' ಅಂದ. ನಿನ್ನ ಸೀಡಿ ಸಣ್ಣ ಮೇಜಿನ ಮ್ಯಾಲೆ ಬಿದ್ದಿತ್ತು, ಯಾರೋ ಅದರ ಮ್ಯಾಲೆ ಚಹಾದ ಗ್ಲಾಸು ಇಟ್ಟರು. ಆವಾಗ ಖಾಲಿ ಡಬ್ಬಿ ಎತ್ತಿದ್ರ ನೀ ಪ್ಲಾಸ್ಟಿಕ್ ಬಿಚ್ಚಿ ಒಳಗ ಇಟ್ಟಿದ್ದ ಕನ್ನಡ ಚೀಟಿ ಹೊರಗ ಬಿತ್ತು. ಹುಡುಗ ನನ್ನ ಕೈಯಾಗ ಕೊಟ್ಟು 'ಆಜಿ, ಓದ' ಅಂದ. ಓದಿದೆ.

ಆಟ ನಾಕು ದಿನ ನಡೀತು. ಐದನೇ ದಿನ ಸುಮ್ಮ ಕೂತಿದ್ದ. ಏನಪಾ ಅಂದ್ರ, 'ಚುಕ್ಕಾಣಿ ಮಶೀನೇ ಹಿಡೀತದ ಆಜಿ. ಒಮ್ಮೆನೂ ಬಂಡಿಗಲ್ಲಿಗೆ ಹಾಯಂಗಿಲ್ಲ' ಅಂದ. ತಂದಿಗೆ ಆಡಲಿಕ್ಕೆ ಪುರಸೊತ್ತಿಲ್ಲ, ನನ್ನ ಕಣ್ಣು ಹಿಂಗ.

ಮೊನ್ನೆ ಒಂಬತ್ತಕ್ಕ ರವಿವಾರ ನಿನ್ನ ಕಡೆ ಬಂದಿದ್ದ. ನೀ ಎರಡು ಸಲ ಶೇಂಗಾ ಹೋಳಿಗಿ ಹಾಕಿದ್ದಿ, ಬಸ್ಸು ಕುಂಭಾರಿ ಕಡೆ ಹೊರಳೂತನಕ ಸ್ಟ್ಯಾಂಡಿನ್ಯಾಗ ನಿಂತಿದ್ದಿ ಅಂತ ಹೇಳಿದ. ಮಂಗಳವಾರ ನಿನ್ನ ವಕೀಲರು ಫೋನ್ ಮಾಡಿದ್ರು: ಹುಡುಗ ತಂದಿ ಕಡೆನೇ ಇರಲಿ, ಇಪ್ಪತ್ನಾಕನೇ ತಾರೀಕಿಗೆ ಸಹಿ ಮಾಡ್ತಾಳ, ಅವನ್ನ ಏನೂ ಕೇಳೂದು ಬ್ಯಾಡ. ಗುರುರಾಜ ಅರ್ಧ ಕಿಲೋ ಪೇಢೆ ತಂದ. ಕೌಶಿಕ ಪೇಢೆ ಹಿಡಕೊಂಡು ಕೇಳಿದ, 'ಮಮ್ಮಿ ತಾನಾಗೇ ಅಂದಳಾ?' 'ಹೂಂ, ತಾನಾಗೇ. ನಾ ಏನು ಕೈ ಹಿಡದು ಬರಸೀನೇನು?' ಅಂದ ಇವಾ. ಹುಡುಗ ಪೇಢೆ ತಿರಗಿ ಡಬ್ಬ್ಯಾಗ ಇಟ್ಟು ಕೈ ತೊಳಕೊಂಡು ಬಂದ. ಆವತ್ತಿನಿಂದ ನಿನ್ನ ಹೆಸರು ತಗದಿಲ್ಲ. ತಂದಿಯ ಹಂಗ ಮಾತು ಬಿಡೂದು ಕಲೀಲಿಕತ್ತಾನ.

ನಿಮ್ಮ ಆಯಿಗೆ ನಮಸ್ಕಾರ ಹೇಳು, ತೇಜಸಗ ಆಶೀರ್ವಾದ, ಪೂರ್ವಾನ ಎರಡೂ ಗಲ್ಲಕ್ಕ ನನ್ನ ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣು, ಕೊಳಕಾಗಿ ಇರಬ್ಯಾಡ, ಹಣಿಗೆ ಕುಂಕುಮ ಇಟ್ಟುಕೋ. ದೇವರು ನಿಂಗ ಒಳ್ಳೇದು ಮಾಡಲಿ.

ನಿನ್ನ ಅತ್ತಿ,
ವೇಣೂಬಾಯಿ

ತಾ.ಕ.: ಟಪಾಲ ಪೆಟ್ಟಿಗಿ ತಗಿಯೂ ಹೊತ್ತಾತು, ಬಡಬಡ ಬರೀತೀನಿ. ಚೀಟಿ ಓದಿದೆ ಅಂತ ಮ್ಯಾಲೆ ಬರದೀನಲ್ಲ, ನೀ ಬರದದ್ದನ್ನ ನಾ ಓದಲಿಲ್ಲ. ಗುರುರಾಜ ಓದಬಾರದಂತ ನೀ ಕನ್ನಡದಾಗ ಬರದದ್ದು: 'ಕೌಶ್ಯಾ, ನಿಂಗ ನನ್ನ ಕಡೆ ಬಂದು ಇರೂ ಮನಸಿದ್ರ ಮುಂದ ನೀ ಬರೂ ರವಿವಾರ ಈ ಡಬ್ಬಿ ಚೀಲದಾಗ ಹಾಕ್ಕೊಂಡು ಬಾ. ಬಾಯಿ ಬಿಟ್ಟು ಏನೂ ಹೇಳೂದು ಬ್ಯಾಡ, ಪಪ್ಪಾನ ಮುಂದನೂ ಬ್ಯಾಡ, ನ್ಯಾಯಾಧೀಶರ ಮುಂದನೂ ಬ್ಯಾಡ. ತರಲಿಲ್ಲಂದ್ರ ನಂಗ ಸಿಟ್ಟಿಲ್ಲ, ಮತ್ತ ಕೇಳೂದಿಲ್ಲ.' ನಾ ಓದಿದ್ದು: 'ಹ್ಯಾಪಿ ಬರ್ಥಡೇ, ಪಪ್ಪಾನ ಮಾತು ಕೇಳು, ಛಂದಾಗಿ ಅಭ್ಯಾಸ ಮಾಡು.' ಹುಡುಗ 'ಇಷ್ಟುದ್ದ ಬರದಾಳ, ಇಷ್ಟೇ ಏನು?' ಅಂದ. ಇಷ್ಟೇ ಅಂದೆ. ಗುರುರಾಜ ಬಾಜೂಕ ನಿಂತಿದ್ದ, ಆವತ್ತಿನ ಸುಳ್ಳು ಅದಕ್ಕ ಅಂದುಕೋ. ಆಮ್ಯಾಲೆ ಎಂಟು ದಿನ ಅವಾ ನನ್ನ ಮಗ್ಗಲದಾಗೇ ಮಲಗ್ಯಾನ, ಆವಾಗೂ ಹೇಳಲಿಲ್ಲ. ರವಿವಾರ ಮುಂಜಾನೆ ಏನೂ ಗೊತ್ತಿಲ್ಲದ, ನಿನ್ನ ಜೋಡಿ ಆಡಬೇಕಂತ, ತಾನಾಗೇ ಡಬ್ಬಿ ಚೀಲದಾಗ ಹಾಕ್ಕೊಂಡಿದ್ದ. ನೀರಿನ ಬಾಟಲಿ ಇಡೂ ನೆವದಲೆ ನಾ ಅದನ್ನ ತಗದು ನನ್ನ ಟ್ರಂಕಿನ್ಯಾಗ ಹಾಕಿದೆ. ಹುಡುಗ ಬಸ್ಸಿನ್ಯಾಗ ಕಳಕೊಂಡೆ ಅಂತ ತಿಳಕೊಂಡು, ನೀ ಬೈತಿ ಅಂತ ಅಂಜಿ, ನಿನ್ನ ಮುಂದ ಸುಮ್ಮ ಕೂತಾನ. ನೀ ಅದನ್ನೇ ಉತ್ತರ ಅಂದುಕೊಂಡಿ.

ಚೀಟಿ ಈ ಲಕೋಟಿಯೊಳಗೇ ಇಟ್ಟೀನಿ, ಒಲಿಗೆ ಹಾಕಲಿಕ್ಕೆ ಕೈ ಬರಲಿಲ್ಲ. ನೀ ಅವಂಗ ಓದಿ ಹೇಳಿದ್ರ, ಅಕ್ಷರ ಬಾರದ ಹುಡುಗ, ಖರೇನಾ ಅಂತ ನನ್ನ ಹತ್ರಾನೇ ಬರ್ತಾನ. ಆವಾಗ ನಾ ಏನಂತೀನಿ ನಂಗ ಗೊತ್ತದ: ನಾ ಓದಿದ್ದೇ ಖರೇ ಅಂತೀನಿ. ಹೊರಗಿನವರ ಕಡೆ ಓದಿಸಿದ್ರ ಅವಂಗ ಆಜಿನೂ ಇಲ್ಲದಂಗಾಗ್ತಾಳ. ಮುಂದ ಆ ಕೂಸು ಯಾರನ್ನ ನಂಬಬೇಕು? ಅವಾ ಇಲ್ಲದ ಮನ್ಯಾಗ ಗುರುರಾಜನ ಜೋಡಿ ನಾ ಒಬ್ಬಾಕಿ ಇರಲಾರೆ ಕೇತಕಿ. ಅದು ಹೆಂಗಿರ್ತದ ಅಂತ ನನಗಿಂತ ನಿಂಗೇ ಗೊತ್ತದ. ಇಪ್ಪತ್ನಾಕಕ್ಕ ಸಹಿ ಮಾಡ್ತಿಯೋ ಇಲ್ಲೋ, ಅಷ್ಟೇ ಬರಿ. ಕನ್ನಡದಾಗೇ ಬರಿ, ದಪ್ಪ ಅಕ್ಷರದಾಗ ಬರಿ, ನನ್ನ ಕಣ್ಣು ಹಿಂಗದ, ಲಗೂನ ಬರಿ.