ಎದುರು ಮನೆಯ ಅನ್ನ

ಮಳವಳ್ಳಿ
೩ ಏಪ್ರಿಲ್ ೨೦೨೫

ಪ್ರೀತಿಯ ಮುಬೀನಾ,

ನಮ್ಮಜ್ಜಿ ಸತ್ತ ದಿನ ನಿನ್ನ ಅಮ್ಮಿ ತಂದ ಅನ್ನವನ್ನು ಅಮಲಣ್ಣ ಬಾಗಿಲಲ್ಲೇ ತಡೆದು ವಾಪಸು ಕಳಿಸಿದ. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದೆ, ಕ್ಷಮಿಸು. ಮೂರು ವಾರ ತಡಮಾಡಿದ್ದಕ್ಕೂ ಕ್ಷಮಿಸು. ಅಮ್ಮಿ ನಿನಗೆ ಸಾವಿನ ಸುದ್ದಿ ತಿಳಿಸಿರುತ್ತಾರೆ, ಇದನ್ನು ಹೇಳಿರಲಾರರು. ಮದ್ದೂರಿನಲ್ಲಿ ಹಬ್ಬ ಹೇಗಾಯಿತು? ಮಗು ನಡೆಯುತ್ತಿದೆಯೇ?

ನಿನ್ನ ತಾತ ತೀರಿಕೊಂಡಾಗ ಅಜ್ಜಿ ಯಾರೂ ಕರೆಯದೆ ಅನ್ನದ ತಪ್ಪಲೆ ಹೊತ್ತು ನಿಮ್ಮ ಮನೆಗೆ ಬಂದದ್ದು ನೆನಪಿದೆಯಲ್ಲ? "ಸಾವಿನ ಮನೇಲಿ ಒಲೆ ಅಚ್ಚಬಾರ್ದು ಕಣವ್ವ. ಎದುರು ಮನೇಲಿ ಒಲೆ ಇರಾದು ಯಾಕೆ ಮತ್ತೆ?" ಅಂದಿದ್ದಳು. ಒಬ್ಬರ ಪ್ರಾರ್ಥನೆ ಒಬ್ಬರಿಗೆ ತಿಳಿಯದೆಯೂ ನಮ್ಮೆರಡು ಮನೆಗಳು ಇಷ್ಟು ಕಾಲ ಬಾಳಿದ್ದು ಆ ತಪ್ಪಲೆಯಿಂದ.

ಅಂದು ಶುಕ್ರವಾರ. ಅಮ್ಮಿಗೆ ರೋಜಾ. ಹನಿ ನೀರು ಕುಡಿಯದೆ, ಉಪ್ಪು ನೋಡದೆ ಅಡಿಗೆ ಮಾಡಿದ್ದರು. ನಮಗೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ, ಶುಕ್ರವಾರ ಮಾಂಸ ಮುಟ್ಟುವುದಿಲ್ಲವೆಂದು ನೆನಪಿಟ್ಟು ಹುರುಳಿಕಾಳಿನ ಸಾರು ತಂದಿದ್ದರು. ಜಗುಲಿಯಲ್ಲಿ ಅಣ್ಣನ ಹೆಂಡತಿಯ ಕಡೆಯ ಬೀಗರು ಕೂತಿದ್ದರು. "ಇದ್ಯಾರ ಮನೇದು?" ಎಂದು ಒಬ್ಬರು ಕೇಳಿದ್ದೇ ತಡ, ಅಣ್ಣ ಎದ್ದ.

"ಇವೆಲ್ಲ ಇನ್ಮೇಕೆ ಬ್ಯಾಡಿ ಅಮ್ಮಿ. ಓಟ್ಲಿಂದ ತರುಸ್ತಾವ್ರೆ. ತಗಂಡೋಗಿ."

"ಸತ್ತೋಳು ನಿಂಗೊಬ್ನಿಗೇ ಅಜ್ಜಿ ಏನ್ಲಾ?"

ಅಮ್ಮಿ ಅಷ್ಟೇ ಅಂದರು. ಒಳಗೆ ಅಜ್ಜಿಯ ತಲೆ ಬಾಚುತ್ತಿದ್ದ ನಾನು ಓಡಿ ಬರುವಷ್ಟರಲ್ಲಿ, ಬಿಸಿ ತಪ್ಪಲೆಯನ್ನು ಸೆರಗಿನಲ್ಲಿ ಹಿಡಿದು ಬೀದಿ ದಾಟಿದ್ದರು.

ಇದೇ ಅಣ್ಣ ಜನವರಿಯಲ್ಲಿ ಮಂಡ್ಯದ ಸೌಹಾರ್ದ ಸಭೆಯಲ್ಲಿ ನಿನ್ನ ಅಬ್ಬಾರನ್ನು ತಬ್ಬಿಕೊಂಡು ಶಾಲು ಹೊದಿಸಿಕೊಂಡವನು. ಆ ಫೋಟೋ ಇನ್ನೂ ನಡುಮನೆಯ ಗೋಡೆಯ ಮೇಲಿದೆ. ಕೇಳಿದರೆ, "ಸುಮ್ಕಿರೇ, ಕರಪತ್ರ ಓದಿ ಪಂಡಿತೆ ಆಗವಳೆ!" ಅನ್ನುತ್ತಾನೆ. ದ್ವೇಷ ಹೊರಗಿನಿಂದ ಬರುತ್ತದೆ ಎಂದು ಆ ಸಭೆಯ ಕರಪತ್ರಗಳಲ್ಲಿ ಓದಿದ್ದೆ. ನಮ್ಮ ಮನೆಯಲ್ಲಿ ಅನ್ನ ತಡೆಯಲು ದ್ವೇಷವೂ ಬೇಕಾಗಲಿಲ್ಲ, ಬೀಗರ ಮುಂದಿನ ನಾಚಿಕೆ ಸಾಕಾಯಿತು. ಥೂ!

ಅಂದಿನಿಂದ ನಿಮ್ಮ ಬೀದಿಬಾಗಿಲು ಮುಚ್ಚಿದೆ. ನಾನು ಹಿತ್ತಿಲಿನಿಂದ ಹೋಗಿ, ಅಜ್ಜಿಯ ತಿಂಗಳ ಪ್ರಾರ್ಥನೆಗಾದರೂ ಬನ್ನಿ ಎಂದು ಅಮ್ಮಿಗೆ ಹೇಳಿದೆ. "ಕರದ್ರೆ ಬರಾಕೆ ಅದೇನ್ ಮದ್ವೆ ಊಟ್ವೇನವ್ವ?" ಅಂದರು.

ಮಗುವಿಗೆ ನನ್ನ ಮುತ್ತು. ದೇವರು ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ
ಜೆಸಿಂತಾ

ಬರೆಯಲಾಗದೆ ಬಿಟ್ಟಿದ್ದ ಮಾತು: ಕೊನೆಯ ವಾರ ಅಜ್ಜಿ ಬಾಯಿ ತೆರೆದದ್ದು ಅಮ್ಮಿಯ ಗಂಜಿಗೆ ಮಾತ್ರ. ಸಂಜೆ ಸಂಜೆ ನಿಮ್ಮ ಮನೆಯಿಂದ ಬಟ್ಟಲು ತಂದು, ಅವಳ ತಲೆ ಎತ್ತಿ ಹಿಡಿದು ಕುಡಿಸುತ್ತಿದ್ದವನು ಅಮಲಣ್ಣನೇ. ತಿಳಿಯದೆ ಮಾಡಿದ ಎಂದು ನಾನು ಹೇಗೆ ಹೇಳಲಿ?

ಅಂದು ಬಾಗಿಲಲ್ಲಿ ಅಮ್ಮಿ ಕೇಳಿದ್ದು ಸರಿ, ಅಜ್ಜಿ ನಿಮ್ಮವಳೂ ಹೌದು. ಸಾವು ನಿಮ್ಮ ಮನೆಯಲ್ಲೂ ಆಗಿದೆ. ನಿಮಗೆ ಯಾರೂ ಅನ್ನ ತರಲಿಲ್ಲ. ತಿಂಗಳ ಪ್ರಾರ್ಥನೆಯ ದಿನ ಅದೇ ಬೀಗರು ಜಗುಲಿಯಲ್ಲಿ ಕೂತಿರುತ್ತಾರೆ. ಅವರ ಮುಂದೆಯೇ ತಪ್ಪಲೆ ಹೊತ್ತು ಬೀದಿ ದಾಟುತ್ತೇನೆ, ಕರೆಯದೆಯೇ. ಬಾಗಿಲು ತೆಗೆಯಲು ನೀನಿರಬೇಕು ಕಣೇ. ಏಪ್ರಿಲ್ ಹನ್ನೆರಡು, ಶನಿವಾರ, ಮಧ್ಯಾಹ್ನ ಹನ್ನೆರಡೂವರೆಗೆ.